ಸಾಲ ವಸೂಲಿ ಮತ್ತು ಸಾಲಗಾರರ ಹಕ್ಕು: ಪಾಂಡವಪುರ ಉಪವಿಭಾಗ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಸೇರಿ ಪಾಂಡವಪುರ ಕಂದಾಯ ಉಪವಿಭಾಗವಾಗಿದೆ. ಜಿಲ್ಲೆಯ ಉಳಿದ ಮೂರು ತಾಲ್ಲೂಕುಗಳು ಮಂಡ್ಯ ಉಪವಿಭಾಗಕ್ಕೆ ಸೇರಿವೆ. ಕನ್ನಂಬಾಡಿ ಕಟ್ಟೆಯ ಬಳಿಯಿಂದ ಉತ್ತರಕ್ಕೆ ಹರಡಿರುವ ಈ ಸೀಮೆಯಲ್ಲಿ ಸಾಲ ಕೊಡುವವರು ಯಾರು, ವಸೂಲಿಗೆ ಅವರು ಎಲ್ಲಿಯವರೆಗೆ ಹೋಗಬಹುದು, ಎಲ್ಲೆ ಮೀರಿದರೆ ಸಾಲಗಾರರು ಯಾವ ಬಾಗಿಲು ತಟ್ಟಬೇಕು ಎಂಬುದು ಈ ಲೇಖನದ ವಸ್ತು.

ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಇವತ್ತು ಕಟ್ಟೆಯಲ್ಲಿ ಎಷ್ಟು ಅಡಿ ಎಂಬ ಅಂಕಿಯನ್ನು ಊರಿನ ಟೀ ಅಂಗಡಿಯಲ್ಲಿ ಕೇಳುವವರು ನೀರಿನ ಜೊತೆಗೆ ಕಂತನ್ನೂ ಲೆಕ್ಕ ಹಾಕುತ್ತಿರುತ್ತಾರೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಭತ್ತ, ಕಬ್ಬು; ಬಿಡದಿದ್ದರೆ ಬಿತ್ತನೆಗೆ ತಂದ ದುಡ್ಡು ಹಾಗೆಯೇ ತಲೆ ಮೇಲೆ. ಚಿಕ್ಕದೇವರಾಜ ಸಾಗರ, ವಿರಿಜಾ, ಬಂಗಾರದೊಡ್ಡಿ ನಾಲೆಗಳ ಹಳೆಯ ನೀರಾವರಿ ಇರುವ ಶ್ರೀರಂಗಪಟ್ಟಣದ ಕಥೆ ಒಂದು ಬಗೆ, ಹೇಮಾವತಿ ನಾಲೆ ನಂಬಿದ ಕೆ.ಆರ್. ಪೇಟೆಯದು ಇನ್ನೊಂದು, ರಾಗಿ ಮತ್ತು ತೆಂಗಿನ ನಾಗಮಂಗಲದ್ದು ಬಹುಪಾಲು ಮಳೆಯ ಕಥೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಈ ವ್ಯತ್ಯಾಸಗಳೆಲ್ಲ ಅಳಿಸಿಹೋದವು. ಕಬ್ಬು ನಾಟಿಯಿಂದ ಕಟಾವಿಗೆ ವರ್ಷ ಹಿಡಿಯುತ್ತದೆ, ಕಟಾವಾದ ಮೇಲೂ ಬಿಲ್ಲು ಬರಬೇಕು. ಮೈಕ್ರೋ ಫೈನಾನ್ಸ್ ಸಂಘದ ಕಂತು ಮಾತ್ರ ವಾರ ವಾರ ಬರುತ್ತದೆ. ಇಲ್ಲಿನ ವಸೂಲಿ ಜಗಳಗಳ ಬೇರು ಬಹುತೇಕ ಈ ಅಂತರದಲ್ಲಿದೆ.

ಹಿನ್ನೆಲೆ

ಮೈಸೂರು ಸಂಸ್ಥಾನ ರೈತರ ಸಾಲಕ್ಕೆ ಕಾನೂನು ಮಾಡಿದ್ದು ಮಂಡ್ಯ ಜಿಲ್ಲೆ ಹುಟ್ಟುವ ಮೊದಲೇ. 1928ರಲ್ಲಿ ಕೃಷಿಕರ ಪರಿಹಾರ ಕಾಯ್ದೆ, 1937ರಲ್ಲಿ ಸಾಲ ರಾಜಿ ಕಾಯ್ದೆ, ಜಿಲ್ಲೆ ರಚನೆಯಾದ 1939ರಲ್ಲೇ ಲೇವಾದೇವಿದಾರರ ಕಾಯ್ದೆ ಬಂದವು. ರಾಜ್ಯ ಒಂದಾದ ಮೇಲೆ 1961ರಲ್ಲಿ ಲೇವಾದೇವಿ ಮತ್ತು ಗಿರವಿ ವ್ಯಾಪಾರಕ್ಕೆ ಹೊಸ ಕಾಯ್ದೆಗಳಾದವು. ದೇವರಾಜ ಅರಸು ಸರ್ಕಾರದ 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂಹೀನ ಕೂಲಿಗಳು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲವನ್ನು ಚುಕ್ತಾ ಎಂದು ಸಾರಿತು.

1980ರ ದಶಕದಲ್ಲಿ ಪ್ರಶ್ನೆ ಬೀದಿಗೆ ಬಂತು. ಸಾಲ ಕಟ್ಟಲಿಲ್ಲವೆಂದು ಬ್ಯಾಂಕಿನವರೂ ಸಹಕಾರ ಸಂಘದವರೂ ಮನೆಯ ಪಾತ್ರೆ, ಬಾಗಿಲು, ಪಂಪ್‌ಸೆಟ್ಟು ಎತ್ತಿಕೊಂಡು ಹೋಗುವುದು ಸಾಮಾನ್ಯವಾಗಿದ್ದ ಕಾಲ. ಕರ್ನಾಟಕ ರಾಜ್ಯ ರೈತ ಸಂಘ ಇದಕ್ಕೆ ಕೊಟ್ಟ ಉತ್ತರ ಮರುಜಪ್ತಿ, ಅಂದರೆ ಜಪ್ತಿಯಾದ ವಸ್ತುವನ್ನು ಗುಂಪಾಗಿ ಹೋಗಿ ವಾಪಸು ತರುವುದು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂಬ ಹಲಗೆಗಳು ಹಳ್ಳಿಗಳ ಬಾಗಿಲಲ್ಲಿ ಎದ್ದವು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ ಈ ಚಳವಳಿಯಲ್ಲಿ ಬೆಳೆದು ಎರಡು ಬಾರಿ ಶಾಸಕರಾದರು. ಮರುಜಪ್ತಿಗೆ ಕಾನೂನಿನ ಆಧಾರವಿತ್ತೇ ಎಂದರೆ ಇರಲಿಲ್ಲ. ಆದರೆ ಅವರು ಪ್ರಶ್ನಿಸಿದ ಎಷ್ಟೋ ಜಪ್ತಿಗಳಿಗೂ ಇರಲಿಲ್ಲ.

2018ರ ಋಣ ಪರಿಹಾರ ಕಾಯ್ದೆ ಜಾರಿಗೆ ಬಂದದ್ದು 2019ರ ಜುಲೈ 23ರಂದು, ಎಚ್.ಡಿ. ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತ ಸೋತ ದಿನವೇ. ವಾರ್ಷಿಕ 1.20 ಲಕ್ಷ ರೂಪಾಯಿ ಒಳಗಿನ ವರಮಾನದ ದುರ್ಬಲ ವರ್ಗದವರಿಗೆ, ಸಣ್ಣ ರೈತರಿಗೆ, ಭೂಹೀನ ಕೂಲಿಗಳಿಗೆ ಖಾಸಗಿ ಸಾಲದಿಂದ ಒಂದು ಸಲದ ಬಿಡುಗಡೆ. ಅರ್ಜಿಗೆ 90 ದಿನ ಗಡುವು. ಈ ನಾಲ್ಕು ತಾಲ್ಲೂಕಿನವರು ಅದನ್ನು ಕೊಡಬೇಕಿದ್ದುದು ಪಾಂಡವಪುರದ ಉಪವಿಭಾಗಾಧಿಕಾರಿ (ಎ.ಸಿ.) ಕಚೇರಿಯಲ್ಲಿ. ಬ್ಯಾಂಕು ಮತ್ತು ಸಹಕಾರ ಸಂಘದ ಸಾಲ ಅದರ ಹೊರಗಿದ್ದವು. ಗಿರವಿ ವ್ಯಾಪಾರಿಗಳು ಹೈಕೋರ್ಟಿನ ಮೆಟ್ಟಿಲೇರಿದರು. ಕಾಯ್ದೆಯ ಗಡುವು ಮುಗಿದು ವರ್ಷಗಳಾದವು, ಆದರೆ ‘ಖಾಸಗಿ ಸಾಲ ಮನ್ನಾ ಆಗಿದೆಯಂತೆ’ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ತಿರುಗುತ್ತಿದೆ.

ಕೊಟ್ಟವರು ಯಾರು?

ವಸೂಲಿಯ ಯಾವ ತಕರಾರಿಗೂ ಮೊದಲ ಪ್ರಶ್ನೆ ಇದೇ. ಎಷ್ಟು ಸಾಲ, ಎಷ್ಟು ಬಡ್ಡಿ ಎಂಬುದು ಆಮೇಲಿನದು. ಕೈಸಾಲ ಕೊಟ್ಟ ಊರಿನವರು, ಬಡ್ಡಿ ವ್ಯವಹಾರದವರು, ಗಿರವಿ ಅಂಗಡಿ, ಮೈಕ್ರೋ ಫೈನಾನ್ಸ್, ಹಳ್ಳಿಯ ಸಹಕಾರ ಸಂಘ, ಬ್ಯಾಂಕು, ಮೊಬೈಲ್ ಆ್ಯಪ್: ಒಬ್ಬೊಬ್ಬರಿಗೆ ಒಂದೊಂದು ಕಾನೂನು, ಒಂದೊಂದು ಕಚೇರಿ. ಈ ಪ್ರಶ್ನೆ ಕೇಳದೆ ಹೊರಟವರು ಪೊಲೀಸ್ ಠಾಣೆಯಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಮಂಡ್ಯಕ್ಕೆ ಅಲೆದು ಬಸ್ ಚಾರ್ಜಿಗೂ ಸಾಲ ಮಾಡುತ್ತಾರೆ.

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೇರಳದ ನೆಡುಂಪಿಳ್ಳಿ ಫೈನಾನ್ಸ್ ಪ್ರಕರಣದಲ್ಲಿ ಈ ಗೆರೆಯನ್ನು ಗಟ್ಟಿಯಾಗಿ ಎಳೆಯಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಹಣಕಾಸು ಕಂಪನಿಗಳಿಗೆ ರಾಜ್ಯದ ಲೇವಾದೇವಿ ಕಾಯ್ದೆಗಳು ಅನ್ವಯಿಸುವುದಿಲ್ಲ. ಅಂದರೆ ನೋಂದಣಿ ಇರುವ ಕಂಪನಿಯ ಬಡ್ಡಿ ಹೆಚ್ಚಾಯಿತೆಂದು ರಾಜ್ಯದ ಕಾಯ್ದೆ ಹಿಡಿದು ಹೋದರೆ ಅದು ತಪ್ಪು ಬಾಗಿಲು. ಅಲ್ಲಿ ಕೇಳುವುದು ರಿಸರ್ವ್ ಬ್ಯಾಂಕಿನ ನಿಯಮಗಳು.

ಕೈಸಾಲ, ಮೀಟರ್ ಬಡ್ಡಿ, ಕ್ರಯ ಮಾಡಿಸಿಕೊಳ್ಳುವ ಸಾಲ

ಈ ಸೀಮೆಯಲ್ಲಿ ಬಡ್ಡಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ರೂಢಿ ಕಡಿಮೆ. ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ 36. ‘ಐದು ರೂಪಾಯಿ’ ಎಂದರೆ ಶೇ 60. ಮೀಟರ್ ಬಡ್ಡಿ ಎನ್ನುವ ವಾರದ ಬಡ್ಡಿಯ ಲೆಕ್ಕ ಇನ್ನೂ ಮಜವಾದದ್ದು. ಹತ್ತು ಸಾವಿರಕ್ಕೆ ಸಹಿ, ಕೈಗೆ ಬರುವುದು ಎಂಟೂವರೆ ಸಾವಿರ, ಹತ್ತು ವಾರ ತಲಾ ಸಾವಿರದಂತೆ ವಾಪಸು. ನೋಡಲು ಒಂದೂವರೆ ಸಾವಿರದ ಮಾತು. ವರ್ಷದ ದರಕ್ಕೆ ಇಳಿಸಿದರೆ ಶೇ 150 ಮೀರುತ್ತದೆ.

1961ರ ಕಾಯ್ದೆಯಡಿ ಸರ್ಕಾರ ಗೊತ್ತುಪಡಿಸಿದ ಗರಿಷ್ಠ ದರ ಆಧಾರವಿರುವ ಸಾಲಕ್ಕೆ ಶೇ 14, ಆಧಾರವಿಲ್ಲದ್ದಕ್ಕೆ ಶೇ 16. ಅದನ್ನು ಮೀರಿ ವಸೂಲಿ ಮಾಡುವುದು 2004ರ ಅತಿಬಡ್ಡಿ ನಿಷೇಧ ಕಾಯ್ದೆಯಡಿ ಅಪರಾಧ. ಇದಕ್ಕಿಂತ ಉಪಯೋಗದ, ಆದರೆ ಹೆಚ್ಚು ಜನಕ್ಕೆ ತಿಳಿಯದ ವಿಧಿ ಲೈಸೆನ್ಸಿನದು. ಬಡ್ಡಿ ವ್ಯವಹಾರವನ್ನೇ ಕಸುಬಾಗಿ ಮಾಡುವವರು ಸಾಲ ಕೊಟ್ಟ ದಿನ ಲೈಸೆನ್ಸ್ ಇಟ್ಟುಕೊಂಡಿರದಿದ್ದರೆ ಸಿವಿಲ್ ಕೋರ್ಟು ಅವರಿಗೆ ಡಿಕ್ರಿ ಕೊಡುವಂತಿಲ್ಲ. ಕಷ್ಟಕ್ಕೆ ಒಮ್ಮೆ ಕೈಸಾಲ ಕೊಟ್ಟ ನೆಂಟರಿಗೆ, ಗೆಳೆಯರಿಗೆ ಇದು ಅನ್ವಯಿಸದು. ಅವರ ದಾವೆ ನಿಲ್ಲುತ್ತದೆ, ನಿಲ್ಲಬೇಕು ಕೂಡ.

ಪ್ರೋನೋಟಿನ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಮಿತಿ. ಮುಗಿಯುವ ಹೊತ್ತಿಗೆ ಮನೆಗೆ ಬಂದು ‘ಏನಿಲ್ಲ, ಒಂದ್ನೂರು ರೂಪಾಯಿ ಕೊಟ್ಟು ಹಿಂದುಗಡೆ ಒಂದು ಸಹಿ ಹಾಕು’ ಎನ್ನುವವರ ಉದ್ದೇಶ ಆ ನೂರು ರೂಪಾಯಿಯಲ್ಲ. ಅವಧಿಯೊಳಗೆ ಬರೆದುಕೊಟ್ಟ ಒಪ್ಪಿಗೆಯಿಂದ, ಸಹಿಯಿರುವ ಅಲ್ಪ ಪಾವತಿಯಿಂದ ಮೂರು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಖಾಲಿ ಚೆಕ್ಕಿನ ವಿಷಯದಲ್ಲಿ ಎಣಿಕೆ ದಿನಗಳದ್ದು. ಚೆಕ್ಕು ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ಸಾಲ ಕೊಟ್ಟವರು ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಕಟ್ಟಲು 15 ದಿನ, ಆಮೇಲಿನ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು. ಆ ನೋಟಿಸಿಗೆ ಉತ್ತರವನ್ನೇ ಕೊಡದೆ ಸುಮ್ಮನಿರುವುದು ಇಲ್ಲಿನವರು ಮಾಡುವ ದೊಡ್ಡ ತಪ್ಪು. ಆಧಾರಕ್ಕೆಂದು ಕೊಟ್ಟ ಚೆಕ್ಕು, ಇಷ್ಟು ಈಗಾಗಲೇ ಕಟ್ಟಿದ್ದೇನೆ ಎಂದು ಹೇಳಲು ಮೊದಲ ಸಂದರ್ಭ ಅದೇ.

ಎಲ್ಲಕ್ಕಿಂತ ಅಪಾಯದ್ದು ಜಮೀನಿನ ಸಾಲ. ಐದು ಲಕ್ಷ ಸಾಲಕ್ಕೆ ಅಡಮಾನ ಪತ್ರ ಬರೆಸುವ ಬದಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುದ್ಧ ಕ್ರಯಪತ್ರವನ್ನೇ ಮಾಡಿಸಿಕೊಂಡು, ‘ದುಡ್ಡು ತಿರುಗಿಸಿದ ದಿನ ವಾಪಸು ಬರೆದುಕೊಡ್ತೀನಿ’ ಎಂದು ಬಾಯಿ ಮಾತು ಹೇಳುವ, ಹೆಚ್ಚೆಂದರೆ ಬೇರೊಂದು ಛಾಪಾ ಕಾಗದದಲ್ಲಿ ಬರೆದುಕೊಡುವ ಪದ್ಧತಿ. ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮಿನ ಪ್ರಕಾರ ಷರತ್ತಿನ ಕ್ರಯ ಅಡಮಾನವೆನಿಸಬೇಕಾದರೆ ಆ ಷರತ್ತು ಅದೇ ಪತ್ರದೊಳಗಿರಬೇಕು. ಬೇರೆ ಕಾಗದದಲ್ಲಿದ್ದರೆ ಅಡಮಾನದ ವಾದ ಬಹುತೇಕ ಬಿದ್ದುಹೋಗುತ್ತದೆ. ನಿಜವಾದ ಅಡಮಾನವಾಗಿದ್ದರೆ ಹಣ ಕೊಟ್ಟು ಬಿಡಿಸಿಕೊಳ್ಳಲು 30 ವರ್ಷ ಅವಕಾಶವಿದೆ. ಕ್ರಯವಾಗಿದ್ದರೆ ಅಂದಿಗೇ ಜಮೀನು ಹೋಯಿತು. ಒಂದೇ ದಿನ, ಒಂದೇ ಕಚೇರಿ, ಒಂದೇ ಹೆಬ್ಬೆಟ್ಟು. ತಲೆಬರಹ ಯಾವುದು ಎಂಬುದರ ಮೇಲೆ ಮುಂದಿನ ತಲೆಮಾರು ನಿಂತಿರುತ್ತದೆ.

ಸಂಘದ ಸಾಲ

ಹಳ್ಳಿಗಳಲ್ಲಿ ‘ಸಂಘ’ ಎಂದರೆ ಮೈಕ್ರೋ ಫೈನಾನ್ಸಿನ ಗುಂಪೂ ಹೌದು, ಸ್ವಸಹಾಯ ಸಂಘವೂ ಹೌದು. ಇಲ್ಲಿ ಹೇಳುವುದು ಮೊದಲನೆಯದನ್ನು. ಹೆಂಗಸರ ಗುಂಪು, ಪರಸ್ಪರ ಜಾಮೀನು, ವಾರಕ್ಕೋ ತಿಂಗಳಿಗೋ ಕಂತು. ಸದಸ್ಯೆಯೊಬ್ಬಳು ಕಟ್ಟದಿದ್ದರೆ ಉಳಿದವರು ಎದ್ದುಹೋಗುವಂತಿಲ್ಲ. ‘ದುಡ್ಡು ಮಡಗೋಗಂಟ ಏಳಕಿಲ್ಲ’ ಎಂದು ವಸೂಲಿಗೆ ಬಂದವನು ಜಗಲಿ ಮೇಲೆ ಕೂತರೆ ಅವನ ಕೆಲಸವನ್ನು ಗುಂಪಿನ ಹೆಂಗಸರ ಕಣ್ಣುಗಳೇ ಮಾಡುತ್ತವೆ. ಪದ್ಧತಿಯ ಬಲವೂ ಕ್ರೌರ್ಯವೂ ಇದೇ.

ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 14ರಂದು ಹೊರಡಿಸಿ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳು ಇದನ್ನು ಸಾಕಷ್ಟು ಬಿಗಿಗೊಳಿಸಿವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ವರಮಾನದ ಕುಟುಂಬಕ್ಕೆ ಆಧಾರವಿಲ್ಲದೆ ಕೊಡುವ ಸಾಲ ಮೈಕ್ರೋ ಫೈನಾನ್ಸ್ ಸಾಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಬಡ್ಡಿ, ಶುಲ್ಕ, ಕಟ್ಟಿದ ಕಂತು ಎಲ್ಲವನ್ನೂ ನಮೂದಿಸಿದ ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸಾಲಗಾರರು ಸತತ ಎರಡು ಸಲ ಅಥವಾ ಹೆಚ್ಚು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಬೈಗುಳ, ಬೆದರಿಕೆ, ನೆಂಟರಿಷ್ಟರನ್ನು ಕಾಡುವುದು, ಹೆಸರು ಬಹಿರಂಗಪಡಿಸುವುದು ನಿಷಿದ್ಧ. ಗೋಡೆಯ ಮೇಲೆ ‘ಈ ಮನೆ ಅಡಮಾನದಲ್ಲಿದೆ’ ಎಂದು ಬಣ್ಣದಲ್ಲಿ ಬರೆಯುವುದು ಈ ಕೊನೆಯದಕ್ಕೆ ಸೇರುತ್ತದೆ; ಅದೂ ಆಧಾರವೇ ಇಲ್ಲದ ಸಾಲಕ್ಕೆ ಬರೆದರೆ ಸುಳ್ಳೂ ಹೌದು.

ಅರ್ಧ ವರಮಾನದ ನಿಯಮ ಕಾಗದದ ಮೇಲೆ ಚೆನ್ನಾಗಿದೆ. ಕೂಲಿಯ ಮನೆಯ ‘ತಿಂಗಳ ವರಮಾನ’ವನ್ನು ಲೆಕ್ಕ ಹಾಕುವವನು ಸಾಲ ಹಂಚಿದಷ್ಟೂ ಕಮಿಷನ್ ಪಡೆಯುವ ಹುಡುಗನಾಗಿದ್ದಾಗ ಆ ಅಂಕಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಸಾಲ ತೀರಿಸಲು ಎರಡನೆಯದು, ಎರಡನೆಯದಕ್ಕೆ ಮೂರನೆಯದು ಎಂದಾದ ಮೇಲೆ 2025ರ ಜನವರಿಯಲ್ಲಿ ಮಂಡ್ಯ, ರಾಮನಗರ, ಮೈಸೂರು, ಚಾಮರಾಜನಗರ ಸೇರಿ ಹಲವು ಜಿಲ್ಲೆಗಳಿಂದ ಸಾವಿನ, ಊರು ಬಿಟ್ಟು ಹೋದ ಸುದ್ದಿಗಳು ಬಂದವು. ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಅದನ್ನು ಒಮ್ಮೆ ಆಕ್ಷೇಪಣೆಗಳೊಂದಿಗೆ ಹಿಂದಿರುಗಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚಿನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ ಬಲವಂತದ ಕ್ರಮಗಳ ತಡೆ ಕಾಯ್ದೆ ಎಂದು ಕರೆಯಬಹುದಾದ ಈ ಕಾನೂನಿನಂತೆ ಸಾಲ ಕೊಡುವ ಸಂಸ್ಥೆಗಳು ಜಿಲ್ಲಾಧಿಕಾರಿ ಬಳಿ ನೋಂದಾಯಿಸಿಕೊಳ್ಳಬೇಕು. ಹಿಂಬಾಲಿಸಿ ಕಾಡುವುದು, ರೌಡಿಗಳನ್ನು ಬಿಡುವುದು, ಸರ್ಕಾರಿ ಸೌಲಭ್ಯದ ದಾಖಲೆಗಳನ್ನು ಕಿತ್ತುಕೊಳ್ಳುವುದು ಎಲ್ಲಕ್ಕೂ ಆರು ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಠಾಣೆಯವರು ದೂರು ದಾಖಲಿಸದೆ ವಾಪಸು ಕಳಿಸುವಂತಿಲ್ಲ. ನೋಂದಣಿಯಿಲ್ಲದ, ಲೈಸೆನ್ಸಿಲ್ಲದ ಸಂಸ್ಥೆಗಳಿಗೆ ದುರ್ಬಲ ವರ್ಗದವರು ಕೊಡಬೇಕಾದ ಹಳೆಯ ಸಾಲವನ್ನು ತೀರಿದಂತೆಯೇ ಎಂದು ಭಾವಿಸಲಾಗುತ್ತದೆ.

ಸಂಘದ ಸಾಲವೆಲ್ಲ ಮನ್ನಾ ಆಯಿತೆಂಬ ಗೊಂದಲ ಹುಟ್ಟಿದ್ದು ಈ ಕೊನೆಯ ಮಾತಿನಿಂದ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಈ ಕಾಯ್ದೆಯ ಹೊರಗಿವೆ. ಮೈಕ್ರೋ ಫೈನಾನ್ಸಿನ ದೊಡ್ಡ ಹೆಸರುಗಳೆಲ್ಲ ಬಹುಪಾಲು ಅಂಥ ನೋಂದಣಿ ಇರುವವೇ. ಅವುಗಳ ಸಾಲ ಮನ್ನಾ ಆಗಿಲ್ಲ. ಕಟ್ಟುವುದನ್ನು ನಿಲ್ಲಿಸಿದವರ ಹೆಸರು ಕ್ರೆಡಿಟ್ ದಾಖಲೆಯಲ್ಲಿ ಕೆಡುತ್ತದೆ, ಮುಂದೆ ಬ್ಯಾಂಕಿನ ಸಾಲವೂ ಹುಟ್ಟುವುದಿಲ್ಲ. ಹಾಗೆಂದು ಅವುಗಳ ಸಿಬ್ಬಂದಿಗೆ ದೌರ್ಜನ್ಯದ ಪರವಾನಗಿಯೇನೂ ಸಿಕ್ಕಿಲ್ಲ. ಮನೆಯೊಳಗೆ ನುಗ್ಗುವುದು, ಅಡ್ಡಗಟ್ಟುವುದು, ಬೆದರಿಸುವುದು, ಹೆಂಗಸಿನ ಮಾನಕ್ಕೆ ಕುಂದು ತರುವ ಮಾತಾಡುವುದು ಭಾರತೀಯ ನ್ಯಾಯ ಸಂಹಿತೆಯಡಿ ಯಾರು ಮಾಡಿದರೂ ಅಪರಾಧವೇ. ಆತ್ಮಹತ್ಯೆಗೆ ದೂಡಿದರೆ 108ನೇ ಕಲಂ ಇದೆ. ಸಾಲದ ಚಿಂತೆಯಲ್ಲಿ ಮನಸ್ಸು ಕುಸಿದವರು ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, 14416.

ಮೊಬೈಲ್ ಆ್ಯಪ್ ಸಾಲದ ವಿಷಯ ಚಿಕ್ಕದಾಗಿ ಹೇಳಿದರೆ ಸಾಕು. ಹಣ ನೇರವಾಗಿ ಸಾಲಗಾರರ ಬ್ಯಾಂಕ್ ಖಾತೆಗೇ ಬರಬೇಕು, ಫೋನಿನಲ್ಲಿರುವ ನಂಬರುಗಳನ್ನೂ ಫೋಟೋಗಳನ್ನೂ ಆ್ಯಪ್ ಮುಟ್ಟುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ 2022ರ ಸೂಚನೆ. ಫೋಟೋ ತಿದ್ದಿ ನೆಂಟರಿಗೆ ಕಳಿಸುವ ಆ್ಯಪ್‌ಗಳಿಗೆ ಸಾಮಾನ್ಯವಾಗಿ ನೋಂದಣಿಯೇ ಇರುವುದಿಲ್ಲ. ಅದು ಸೈಬರ್ ಅಪರಾಧ, ಕರೆ 1930ಕ್ಕೆ.

ಸೊಸೈಟಿ

ಕೃಷಿ ಪತ್ತಿನ ಸಹಕಾರ ಸಂಘ, ಜನ ಹೇಳುವಂತೆ ‘ಸೊಸೈಟಿ’, ರೈತರಿಗೆ ಅತಿ ಅಗ್ಗದ ಸಾಲ ಕೊಡುವ ಜಾಗ. 2023ರ ಬಜೆಟ್ಟಿನಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಆದರೆ ಬಡ್ಡಿಯಿಲ್ಲದಿರುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಹಾಗಾಗಿ ಗಡುವಿನ ವಾರ ಒಂದು ವಿಚಿತ್ರ ವ್ಯಾಪಾರ ನಡೆಯುತ್ತದೆ. ಕೈಯಲ್ಲಿ ಕಾಸಿಲ್ಲದ ರೈತ ಮೀಟರ್ ಬಡ್ಡಿಗೆ ಹಣ ತಂದು ಸೊಸೈಟಿಗೆ ಕಟ್ಟುತ್ತಾನೆ, ಕೆಲವು ದಿನಕ್ಕೆ ಅದೇ ಸಾಲ ಹೊಸದಾಗಿ ಮಂಜೂರಾಗುತ್ತದೆ, ಆ ಹಣದಲ್ಲಿ ಬಡ್ಡಿಯವನನ್ನು ತೀರಿಸುತ್ತಾನೆ. ಸೊನ್ನೆ ಬಡ್ಡಿಯ ಸಾಲಕ್ಕೆ ಹೀಗೆ ಹಿಂಬಾಗಿಲಿನಿಂದ ಬಡ್ಡಿ ಬಂದು ಕೂರುತ್ತದೆ. ಮಂಜೂರಾತಿ ಹತ್ತು ದಿನ ತಡವಾದರೆ ರೈತನ ಗತಿ ಏನು ಎಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ.

ಸೊಸೈಟಿಯ ವಸೂಲಿ ತಕರಾರುಗಳು 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಪ್ರಕರಣದಡಿ ಸಹಕಾರ ಇಲಾಖೆಯ ಮುಂದೆ ಹೋಗುತ್ತವೆ, ಸಿವಿಲ್ ಕೋರ್ಟಿಗಲ್ಲ. ಅಲ್ಲಿಂದ ನೋಟಿಸ್ ಬಂದರೆ ಹಾಜರಾಗಲೇಬೇಕು. ಗೈರಾದವರ ವಿರುದ್ಧ ಆದ ತೀರ್ಪು ಡಿಕ್ರಿಯಷ್ಟೇ ಗಟ್ಟಿ. ಆದರೆ ಸೊಸೈಟಿಯ ಸೇವೆಯಲ್ಲಿ ಲೋಪವಾದರೆ ಸದಸ್ಯರು ಗ್ರಾಹಕ ವೇದಿಕೆಗೂ ಹೋಗಬಹುದೆಂದು ಸುಪ್ರೀಂ ಕೋರ್ಟ್ 2003ರ ತಿರುಮುರುಗನ್ ಪ್ರಕರಣದಲ್ಲಿ ಹೇಳಿದೆ. ಜಾಮೀನು ಹಾಕಿದವರು ನೆನಪಿಡಬೇಕಾದದ್ದು ಒಂದೇ. ಸಾಲಗಾರನನ್ನು ಬಿಟ್ಟು ಮೊದಲು ಜಾಮೀನುದಾರನನ್ನೇ ಹಿಡಿಯಲು ಕರಾರು ಕಾಯ್ದೆ ಅಡ್ಡಿ ಮಾಡುವುದಿಲ್ಲ. ಬೀಗರ ಮಾತಿಗೆ ಹಾಕಿದ ಸಹಿಗೂ ಅಷ್ಟೇ ತೂಕ.

ಬ್ಯಾಂಕು, ಬಂಡಿ, ಮನೆ

ಬೆಳೆ ಶೇ 33 ಅಥವಾ ಹೆಚ್ಚು ಹಾನಿಯಾಗಿ ಬರ ಘೋಷಣೆಯಾದ ಕಡೆ ಬೆಳೆ ಸಾಲದ ಅವಧಿಯನ್ನು ಮರುಹೊಂದಿಸಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ರೈತರು ಕೇಳದೆ ಬ್ಯಾಂಕು ತಾನಾಗಿ ಮಾಡುವುದು ಅಪರೂಪ. ಅರ್ಜಿ ಲಿಖಿತವಾಗಿರಬೇಕು, ಸ್ವೀಕೃತಿ ಕೈಯಲ್ಲಿರಬೇಕು.

ಟ್ರ್ಯಾಕ್ಟರ್, ಬೈಕು, ಗೂಡ್ಸ್ ಆಟೋ ಸಾಲದಲ್ಲಿ ನಡೆಯುವುದೇ ಬೇರೆ. ಎರಡು ಕಂತು ತಪ್ಪಿದರೆ ದಾರಿಯಲ್ಲಿ ಅಡ್ಡ ಹಾಕಿ ಕೀ ಕಿತ್ತುಕೊಳ್ಳುವವರನ್ನು ‘ಸೀಜಿಂಗ್ ಪಾರ್ಟಿ’ ಎನ್ನುತ್ತಾರೆ. ವಸೂಲಿಗೆ ಗೂಂಡಾಗಳನ್ನು ಬಳಸಕೂಡದೆಂದು ಸುಪ್ರೀಂ ಕೋರ್ಟ್ 2007ರ ಪ್ರಕಾಶ್ ಕೌರ್ ಪ್ರಕರಣದಲ್ಲೇ ಖಾರವಾಗಿ ಹೇಳಿತು. ಸಿಟಿಕಾರ್ಪ್ ಮಾರುತಿ ಪ್ರಕರಣದಲ್ಲಿ 2011ರಲ್ಲಿ ಮತ್ತೆ ಅದೇ ಮಾತು: ಬಂಡಿ ವಶಪಡಿಸಿಕೊಳ್ಳುವುದು ಕಾನೂನು ಕ್ರಮದಲ್ಲೇ ಆಗಬೇಕು, ಬಲಪ್ರಯೋಗದಿಂದಲ್ಲ. ಕರಾರಿನಲ್ಲಿ ಮುಂಚಿತ ನೋಟಿಸಿನ ಷರತ್ತಿದ್ದು ನೋಟಿಸ್ ಕೊಡದೆ ಎಳೆದೊಯ್ದರೆ ಅದು ಸೇವಾಲೋಪ. ಕಂತು ತಪ್ಪಿದ್ದಕ್ಕೆ ಬಡ್ಡಿಯ ಮೇಲೆ ದಂಡಬಡ್ಡಿ ಏರಿಸುವ ಪದ್ಧತಿಯನ್ನೂ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನ ಸುತ್ತೋಲೆಯಲ್ಲಿ ನಿಲ್ಲಿಸಿತು. ದಂಡ ಹಾಕಬಹುದು, ಆ ದಂಡಕ್ಕೆ ಮತ್ತೆ ಬಡ್ಡಿ ಕಟ್ಟಿಸಿಕೊಳ್ಳುವಂತಿಲ್ಲ.

ಕೋರ್ಟಿಗೆ ಹೋಗದೆ ಸ್ವತ್ತು ಹರಾಜು ಹಾಕಲು ಬ್ಯಾಂಕುಗಳಿಗಿರುವ ಅಸ್ತ್ರ 2002ರ ಸರ್ಫೇಸಿ ಕಾಯ್ದೆ. ಕೃಷಿ ಜಮೀನಿಗೆ ಅದು ಅನ್ವಯಿಸುವುದಿಲ್ಲ. ನಾಗಮಂಗಲದ ರಾಗಿ ಹೊಲಕ್ಕೆ ಸರ್ಫೇಸಿ ನೋಟಿಸ್ ಬಂದರೆ ಮೊದಲ ಉತ್ತರ ಇದೇ. ಮನೆ, ನಿವೇಶನ, ಅಂಗಡಿಗೆ ಅನ್ವಯಿಸುತ್ತದೆ. ಮೊದಲು 60 ದಿನದ ನೋಟಿಸ್, ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು, ವಶಕ್ಕೆ ಪಡೆದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು.

ತಮಟೆ ಹೊಡೆಯುವ ಹಕ್ಕು ಯಾರದು

ಡಿಕ್ರಿ ಜಾರಿಗೆ ಜಮೀನು ಜಪ್ತಿಯಾದಾಗ ಅದನ್ನು ಸ್ಥಳದಲ್ಲೇ ತಮಟೆ ಬಾರಿಸಿಯೋ ಬೇರೆ ರೂಢಿಯಂತೆಯೋ ಸಾರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ ಇಂದಿಗೂ ಹೇಳುತ್ತದೆ. ಸಾಲವನ್ನು ಊರ ಮುಂದೆ ಸಾರಿ ಹೇಳಲು ಕಾನೂನು ಒಪ್ಪಿದ ದಾರಿ ಇದು, ಅದೂ ಕೋರ್ಟಿನ ಅಮೀನನ ಮೂಲಕ. ಫೈನಾನ್ಸಿನವನು ಬೀದಿಯಲ್ಲಿ ನಿಂತು ಕೂಗಿದರೆ ಅವನು ಕದ್ದು ಬಾರಿಸುತ್ತಿರುವುದು ಕೋರ್ಟಿನ ತಮಟೆಯನ್ನು.

ಅಮೀನ ಬಂದರೂ ಎಲ್ಲವನ್ನೂ ಮುಟ್ಟುವಂತಿಲ್ಲ. ಅದೇ ಸಂಹಿತೆಯ 60ನೇ ಕಲಂ ಓದಿದರೆ ಯಾರೋ ಹಳ್ಳಿಯ ಮನೆಯೊಂದನ್ನು ಕಣ್ಣಾರೆ ಕಂಡು ಪಟ್ಟಿ ಮಾಡಿದಂತಿದೆ. ತೊಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ಆಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಅಂದರೆ ತಾಳಿ, ಕಸುಬುದಾರರ ಹತ್ಯಾರ, ರೈತನ ನೇಗಿಲು ನೊಗ, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ, ರೈತ ವಾಸವಿರುವ ಮನೆ. ಇವು ಜಪ್ತಿಗೆ ಹೊರತು. ಆ ಮನೆಯನ್ನೇ ಅಡಮಾನ ಬರೆದುಕೊಟ್ಟಿದ್ದರೆ ಮಾತ್ರ ರಕ್ಷಣೆಯಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. ಕಟ್ಟುವ ಶಕ್ತಿಯೇ ಇಲ್ಲದ ಬಡವನನ್ನು ಸಾಲಕ್ಕಾಗಿ ಜೈಲಿಗೆ ಕಳಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಪಿತ್ತರು. ಸತ್ತವರ ಸಾಲ ಮಕ್ಕಳಿಗೆ ಬರುವುದು ಪಿತ್ರಾರ್ಜಿತವಾಗಿ ಕೈಗೆ ಬಂದ ಆಸ್ತಿಯ ಮಟ್ಟಿಗಷ್ಟೇ.

ಲೋಕ ಅದಾಲತ್ತಿನ ನೋಟಿಸನ್ನು ವಾರೆಂಟ್ ಎಂದು ಹೆದರುವವರಿದ್ದಾರೆ. ಅದು ರಾಜಿಗೆ ಕರೆ, ಒಪ್ಪುವುದು ಬಿಡುವುದು ಸಾಲಗಾರರ ಇಷ್ಟ. ಒಪ್ಪಿ ಸಹಿ ಹಾಕಿದರೆ ಮೇಲ್ಮನವಿಯಿಲ್ಲ, ಆದ್ದರಿಂದ ಕಂತಿನ ಮೊತ್ತ ನಿಜಕ್ಕೂ ಕಟ್ಟುವಂಥದ್ದೇ ಎಂದು ನೋಡಿಕೊಂಡು ಸಹಿ ಹಾಕಬೇಕು. ತಾಲ್ಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಮಿತಿಯಿಂದ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಗ್ರಾಹಕ ಆಯೋಗ

2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ರಕ್ಷಣಾ ಕಾಯ್ದೆ ಬ್ಯಾಂಕಿಂಗ್ ಮತ್ತು ಹಣಕಾಸನ್ನು ‘ಸೇವೆ’ ಎಂದು ಹೆಸರಿಸಿಯೇ ಹೇಳಿದೆ. ವಾಣಿಜ್ಯ ಉದ್ದೇಶದ ಸಾಲ ಇದಕ್ಕೆ ಸೇರದು, ಆದರೆ ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾಡಿದ್ದು ಸೇರುತ್ತದೆ. ಹಸು ಕಟ್ಟಲು ಸಾಲ ಮಾಡಿದ ಹೆಂಗಸು, ತಾನೇ ಆಟೋ ಓಡಿಸುವವನು ಗ್ರಾಹಕರು. ಸಿನಿಮಾದ ಚಿತ್ರೀಕರಣೋತ್ತರ ಕೆಲಸಕ್ಕೆಂದು ಕೋಟಿಗಟ್ಟಲೆ ಸಾಲ ಮಾಡಿದ ಕಂಪನಿ ಗ್ರಾಹಕನಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಹೇಳಿತು.

ನಾಲ್ಕೂ ತಾಲ್ಲೂಕಿಗೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗವೇ ಜಾಗ. ಕಂಪನಿಯ ಕಚೇರಿ ಚೆನ್ನೈಯಲ್ಲಿರಲಿ ಮುಂಬೈಯಲ್ಲಿರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ‘ತಕರಾರು ಚೆನ್ನೈ ಕೋರ್ಟಿಗೆ ಮಾತ್ರ’ ಎಂದು ಕರಾರಿನಲ್ಲಿ ಅಚ್ಚು ಹಾಕಿಸಿದ್ದನ್ನು ನೋಡಿ ಹಿಂಜರಿಯಬೇಕಿಲ್ಲ. ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಪ್ರತಿಫಲ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ, ಆನ್‌ಲೈನಿನಲ್ಲೂ ಕೊಡಬಹುದು, ಮಾಹಿತಿಗೆ 1915. ಆದೇಶ ಪಾಲಿಸದ ಕಂಪನಿಯವರಿಗೆ ಮೂರು ವರ್ಷದವರೆಗೆ ಜೈಲಾಗಬಹುದು. ಸಾಲ ಮನ್ನಾ ಮಾಡುವ ಅಧಿಕಾರ ಆಯೋಗಕ್ಕಿಲ್ಲ. ಅನ್ಯಾಯದ ವಸೂಲಿಗೆ ಪರಿಹಾರ ಕೊಡಿಸುವುದು, ಹೆಚ್ಚು ಪಡೆದದ್ದನ್ನು ವಾಪಸು ಮಾಡಿಸುವುದು ಅದರ ಕೆಲಸ.

ಇದಕ್ಕೆ ಸಮಾನಾಂತರವಾಗಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಮೊದಲು ಬ್ಯಾಂಕಿಗೋ ಕಂಪನಿಗೋ ಲಿಖಿತ ದೂರು, 30 ದಿನ ಕಾದು ಅಲ್ಲಿಗೆ. ಫೋನ್ 14448. ಹಳ್ಳಿಯ ಸೊಸೈಟಿ ಅವರ ವ್ಯಾಪ್ತಿಗೆ ಬರುವುದಿಲ್ಲ.

ಕಾರ್ಖಾನೆಯೂ ಸಾಲಗಾರ

ವಸೂಲಿ ಎಂದರೆ ರೈತನಿಂದ ಎಂದೇ ಎಲ್ಲರೂ ತಿಳಿಯುತ್ತಾರೆ. 1966ರ ಕಬ್ಬು ನಿಯಂತ್ರಣ ಆದೇಶ ಎದುರು ಕಡೆಯ ಲೆಕ್ಕ ಹೇಳುತ್ತದೆ. ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಅವಕಾಶವಿದೆ. ವರ್ಷಗಟ್ಟಲೆ ನಿಂತಿದ್ದ ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ ನಿರಾಣಿ ಸಂಸ್ಥೆಗೆ 40 ವರ್ಷಕ್ಕೆ ಗುತ್ತಿಗೆ ಕೊಡಲಾಯಿತು. ಕಬ್ಬಿನ ಬಾಕಿಗಾಗಿ ಧರಣಿ ಕೂರುವುದು ಈ ಜಿಲ್ಲೆಗೆ ಹೊಸದಲ್ಲ, ಆ ಶೇ 15 ಬಡ್ಡಿಯನ್ನು ಕೇಳಿ ಪಡೆದವರು ಮಾತ್ರ ವಿರಳ. ರೈತನ ಕಂತಿಗೆ ಒಂದು ದಿನ ತಡವಾದರೆ ಲೆಕ್ಕ ಹಾಕುವ ಕಂಪ್ಯೂಟರು ರೈತನಿಗೆ ಬರಬೇಕಾದ ಬಡ್ಡಿಯ ವಿಷಯದಲ್ಲಿ ಕೆಟ್ಟು ನಿಂತಿರುತ್ತದೆ.

ಸಾಲ ತೀರಿದ ಮೇಲೆ

ಜಮೀನಿನ ಮೇಲಿನ ಬ್ಯಾಂಕ್ ಸಾಲ ಪಹಣಿಯ 11ನೇ ಕಾಲಂನಲ್ಲಿ ನಮೂದಾಗುತ್ತದೆ. ಸಾಲ ತೀರಿಸಿ ರಸೀದಿ ಪಡೆದು ಮನೆಗೆ ಹೋದವರ ಪಹಣಿಯಲ್ಲಿ ಆ ಸಾಲು ವರ್ಷಗಟ್ಟಲೆ ಹಾಗೆಯೇ ಕೂತಿರುವುದುಂಟು. ಮಗಳ ಮದುವೆಗೆಂದು ಬೇರೆ ಬ್ಯಾಂಕಿಗೆ ಹೋದಾಗಲೋ ಭಾಗ ಮಾಡಿಕೊಳ್ಳುವಾಗಲೋ ಅದು ಕಣ್ಣಿಗೆ ಬೀಳುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ನೋಂದಾಯಿಸಿದ ಋಣಭಾರವನ್ನು ತೆಗೆಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮವಿದೆ. ಕ್ರೆಡಿಟ್ ದಾಖಲೆಯ ತಪ್ಪಿಗೆ ದೂರು ಕೊಟ್ಟು 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿ. ಕೊನೆಯ ಕಂತು ಕಟ್ಟಿದ ದಿನ ಬಾಕಿಯಿಲ್ಲವೆಂಬ ಪತ್ರವನ್ನು ಸೀಲು ಸಹಿಯೊಂದಿಗೆ ಕೇಳಿ ಪಡೆಯಿರಿ, ಖಾಲಿ ಚೆಕ್ಕು ಕೊಟ್ಟಿದ್ದರೆ ನಂಬರು ನೋಡಿ ವಾಪಸು ತೆಗೆದುಕೊಳ್ಳಿ, ತಿಂಗಳು ಕಳೆದ ಮೇಲೆ ಒಂದು ಹೊಸ ಪಹಣಿ ತೆಗೆಸಿ 11ನೇ ಕಾಲಂ ಖಾಲಿಯಾಗಿದೆಯೇ ನೋಡಿ.